ಮಂಗಳವಾರ, ಒಂದು ಗಂಟೆ ನಲವತ್ತೊಂದು ನಿಮಿಷ

ಕಂತು ಏಳು

"ಭಾವ, ಉಸಿರಾಡೋದನ್ನಾದ್ರೂ ನಿಲ್ಲಿಸಿ, ಇಲ್ಲಾ ನನ್ನ ಕತ್ತಿನ ಹಿಂದಿನಿಂದ ಆಚೆಗಾದ್ರೂ ಹೋಗಿ!"

ಭಾವ ಎರಡನ್ನೂ ಮಾಡಲಿಲ್ಲ. ನಮ್ಮಕ್ಕನ ಗಂಡ, ಈ ಕೇಸಿನ ಇನ್ಸ್‌ಪೆಕ್ಟರ್, ನನ್ನ ಕುರ್ಚಿಯ ಬೆನ್ನಿಗೆ ಎರಡೂ ಕೈ ಊರಿ ಕಂಪ್ಯೂಟರ್ ಪರದೆಯನ್ನೇ ನೋಡುತ್ತಾ ನಿಂತಿದ್ದರು. ಟಿವಿಯ ಧ್ವನಿ ಜಾಸ್ತಿ ಮಾಡುವುದಕ್ಕೂ ನಮ್ಮಕ್ಕನನ್ನು ಕೂಗುವ ಮನುಷ್ಯ. ಪರದೆಯ ಮೇಲೆ ನಾಲ್ಕು ಅಕ್ಷರ ಓಡಿದರೆ ಮಾತ್ರ ಎಲ್ಲ ತಿಳಿದವರ ಹಾಗೆ "ಹ್ಞೂಂ" ಅನ್ನುತ್ತಾರೆ.

"ಅದೇನಮ್ಮ ಅಷ್ಟು ಜೋರಾಗಿ ಓಡ್ತಿರೋದು?"

"ನನ್ನ ತಾಳ್ಮೆ."

ಗಡಿಯಾರದಲ್ಲಿ ಎರಡು ಹತ್ತು. ನಾಲ್ಕಕ್ಕೆ ವ್ಯಾನ್ ಬರುತ್ತದೆ. ಬಂತೆಂದರೆ, ಹೊರಗೆ ಬೆಂಚಿನ ಮೇಲೆ ಮಹಿಳಾ ಪೇದೆಯ ಪಕ್ಕ ಕೂತಿರುವ ಅಳಿಲು ಅನ್ನುವ ಹುಡುಗಿಯನ್ನು ಹತ್ತಿಸಿಕೊಂಡು ಹೋಗಿ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಕೊಲೆ ಯತ್ನ. ಬಂಧನದ ಕಾಗದ ಭಾವನ ಜೇಬಿನಲ್ಲಿದೆ, ಸಹಿ ಒಂದು ಬಾಕಿ.

ಬುಧವಾರ ಬೆಳಿಗ್ಗೆ ಈ ನೀರು ಶುದ್ಧೀಕರಣ ಘಟಕದಲ್ಲಿ ಯಾರೋ ಕ್ಲೋರಿನ್ ಸಿಲಿಂಡರಿನ ವಾಲ್ವ್ ಸಡಿಲಿಸಿದ್ದರು. ಕೂಗಬೇಕಿದ್ದ ಅಲಾರಂ ಕೂಗಲಿಲ್ಲ. ಪಂಪ್ ಆಪರೇಟರ್ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿಲ್ಲ.

ಅಳಿಲು ಇಲ್ಲಿನ ಸರ್ವರ್ ನೋಡಿಕೊಳ್ಳುವವಳು. ಕಂಡದ್ದು, ಕೇಳಿದ್ದು, ಮಾಡಿದ್ದು ಎಲ್ಲವನ್ನೂ ಒಂದು ಗೆರೆ ಪುಸ್ತಕದಲ್ಲಿ ಬರೆದು ಕೂಡಿಡುವ ಚಾಳಿಗೆ ನಾನೇ ಇಟ್ಟ ಹೆಸರು ಅದು. ಏಳು ವರ್ಷದ ಹಿಂದೆ ಈ ಸರ್ವರ್ ಕಟ್ಟಿ ನಿಲ್ಲಿಸಿದವಳು ನಾನು, ನನ್ನ ಕೈಕೆಳಗೆ ಕೆಲಸ ಕಲಿತವಳು ಅವಳು. ಅದಕ್ಕೆ ಪ್ರತಿಯಾಗಿ ಅವಳು ನನಗೆ ಸಿಡುಕಿ ಅಂತ ಹೆಸರಿಟ್ಟಳು. ಅದು ಘಟಕಕ್ಕೆಲ್ಲ ಹರಡಿತು. ಕೊನೆಗೆ ನಾನೇ ಸೋತು ಸರ್ವರಿನಲ್ಲಿ ನನ್ನ ಖಾತೆಗೂ ಅದೇ ಹೆಸರು ಕೊಟ್ಟುಕೊಂಡೆ. ಆಮೇಲೆ ಕೆಲಸ ಬಿಟ್ಟು ಸ್ವಂತ ವ್ಯವಹಾರ ಶುರು ಮಾಡಿದೆ. ಈಗ ಅಳಿಲಿಗಾಗಿ ಮತ್ತೆ ಇಲ್ಲಿ ಬಂದು ಕೂತಿದ್ದೆ.

"ಇನ್ನೇನು ಹುಡುಕ್ತೀರಾ ಮೇಡಂ?" ಬಾಗಿಲಿಗೆ ಒರಗಿದ್ದ ಮ್ಯಾನೇಜರ್ ಆಕಳಿಸಿದ. "ಅಲಾರಂ ಯಾಕೆ ಕೂಗ್ಲಿಲ್ಲ ಅಂತ ನಿನ್ನೆ ನೀವೇ ಹೇಳಿದ್ರಲ್ಲ."

ಹೇಳಿದ್ದೆ. ಮೂರು ಸಲ ಹೇಳಿದ್ದೆ. ಮೂರು ಸಲವೂ ಇವನು ಮೊಬೈಲ್ ನೋಡುತ್ತಿದ್ದ.

ಸರ್ವರಿನಲ್ಲಿ ಓಡುವ ಅಲಾರಂ ಪ್ರೋಗ್ರಾಂ ಬರೆದಿರುವುದು ಪೈಥಾನ್ ಭಾಷೆಯಲ್ಲಿ. ಅದು ಶುರುವಾಗುವಾಗ "ಪೈಥಾನ್ ಮೂರು ಯಾರಪ್ಪಾ?" ಅಂತ ಕೂಗುತ್ತದೆ. ಯಾರು ಓಗೊಟ್ಟರೆ ಅವರ ಕೈಯಲ್ಲಿ ಕೆಲಸ ಮಾಡಿಸುತ್ತದೆ. ಇಷ್ಟು ದಿನ ಓಗೊಟ್ಟ ಹಳೆಯ ಆವೃತ್ತಿಗೆ ಅನಿಲದ ಸೆನ್ಸರನ್ನು ಓದುವುದು ಗೊತ್ತಿತ್ತು. ಬುಧವಾರಕ್ಕೆ ಮುಂಚೆ ಯಾರೋ ಹೊಸ ಆವೃತ್ತಿಯ ಮೂಲ ಸಂಕೇತವನ್ನು, ಅಂದರೆ ಮನುಷ್ಯರು ಬರೆದ ಸಾಲುಗಳನ್ನು ಇಳಿಸಿ, ಇದೇ ಯಂತ್ರದಲ್ಲಿ ಕಂಪೈಲ್ ಮಾಡಿ, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ಕಟ್ಟಿ, ಹಳೆಯದರ ಹೆಸರಿಗೇ ತಂದು ಕೂರಿಸಿದ್ದಾರೆ. ಆಫೀಸಿಗೆ ಹೊಸ ಗುಮಾಸ್ತ ಬಂದು ಹಳಬನ ಕುರ್ಚಿಯಲ್ಲಿ ಕೂತ ಹಾಗೆ. ಕಾಗದವೆಲ್ಲ ಅವನ ಮೇಜಿಗೇ ಹೋಗುತ್ತದೆ, ಬೀರುವಿನ ಬೀಗದ ಕೈ ಎಲ್ಲಿದೆ ಅಂತ ಮಾತ್ರ ಅವನಿಗೆ ಗೊತ್ತಿಲ್ಲ.

ಹಳೆಯದರ ಪಕ್ಕದಲ್ಲಿ ಹೊಸದನ್ನು ಇಡಬೇಕಾದಾಗ ನಮ್ಮ ಕಸುಬಿನವರು ಕೊನೆಯಲ್ಲಿ 'ಮೇಕ್ ಆಲ್ಟ್‌ಇನ್‌ಸ್ಟಾಲ್' ಅಂತ ಹೊಡೆಯುತ್ತೇವೆ. ಆಗ ಹೊಸದು ತನ್ನದೇ ನಂಬರ್ ಹಾಕಿಕೊಂಡು ಬೇರೆ ಕುರ್ಚಿಯಲ್ಲಿ ಕೂರುತ್ತದೆ. ಬರೀ 'ಮೇಕ್ ಇನ್‌ಸ್ಟಾಲ್' ಅಂದರೆ ಹಳಬನ ಕುರ್ಚಿಗೇ ಕೈ ಹಾಕುತ್ತದೆ. ಇಲ್ಲಿ ಆಗಿರುವುದು ಎರಡನೆಯದು.

ಅಳಿಲಿನ ಪುಸ್ತಕವನ್ನು ತೆಗೆದು ಮ್ಯಾನೇಜರ್ ಮೂಗಿನ ಕೆಳಗೆ ಹಿಡಿದೆ.

"ಓದಿ. ಬರೋ ಸೋಮವಾರ ಹೊಸ ಆವೃತ್ತಿ ಹಾಕ್ಬೇಕು ಅಂತ ಬರ್ಕೊಂಡಿದ್ದಾಳೆ. ಒಂದೊಂದು ಆಜ್ಞೆನೂ ಬರೆದಿದ್ದಾಳೆ. ಕೊನೇದು ಏನಿದೆ?"

"ಆಲ್ಟ್‌ಇನ್‌ಸ್ಟಾಲ್."

"ಅಡಿಗೆರೆ ಎಷ್ಟಿದೆ?"

"ಎರಡು. ಕೆಂಪು ಶಾಯಿ."

"ಇವಳು ಬರೀ ಇನ್‌ಸ್ಟಾಲ್ ಹೊಡೆಯೋಳಾ?"

ಮ್ಯಾನೇಜರ್ ಪುಸ್ತಕ ಮುಚ್ಚಿ ನನ್ನ ಕೈಗೇ ಕೊಟ್ಟ. "ಅದೇ ಮೇಡಂ ನಾನೂ ಹೇಳ್ತಿರೋದು. ಆ ಆಲ್ಟ್ ಬಿಟ್ರೆ ಅಲಾರಂ ಸಾಯುತ್ತೆ ಅಂತ ಇಡೀ ಘಟಕದಲ್ಲಿ ಗೊತ್ತಿದ್ದೋಳು ಅವಳೊಬ್ಳೇ."

ಭಾವ ನಿಧಾನವಾಗಿ ತಲೆಯಾಡಿಸಿದರು. "ಹೌದಮ್ಮ. ಗೊತ್ತಿರೋರು ಮಾಡಲ್ಲ ಅಂತ ನ್ಯಾಯಾಲಯದಲ್ಲಿ ಹೇಳೋಕಾಗಲ್ಲ. ಗೊತ್ತಿರೋರೇ ಮಾಡೋದು."

ನಾನೇ ಕಲಿಸಿದ್ದು, ಹಾಳಾದ್ದು! ನನ್ನ ಮೊದಲ ಕೆಲಸದಲ್ಲಿ ಈ ಆಲ್ಟ್ ಮರೆತು ಒಂದು ಇಡೀ ಆಫೀಸನ್ನು ಮಲಗಿಸಿದ್ದೆ. ಆ ಕಥೆಯನ್ನು ನಮ್ಮಕ್ಕನ ಮನೆಯ ಊಟದ ಮೇಜಿನಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ಭಾವನೇ ಮುಂದಿನ ಸಾಲು ಹೇಳುತ್ತಾರೆ: "ಎರಡು ಗಂಟೆ ಕಂಪೈಲ್ ಆಯ್ತು, ಎರಡು ದಿನ ಆಫೀಸ್ ನಿಂತಿತು." ಅದೇ ಪಾಠವನ್ನು ಅಳಿಲಿನ ತಲೆಗೆ ಹೊಡೆದು ಹೊಡೆದು ಕೂರಿಸಿದ್ದೆ. ಈಗ ಅದೇ ಅವಳ ಕತ್ತಿಗೆ ಬಂದಿತ್ತು.

ಮತ್ತೆ ಕೀಲಿಮಣೆಗೆ ತಿರುಗಿದೆ. ಅದರಲ್ಲಿ ಎಂಟರ್ ಗುಂಡಿ ಒಂದೇ ಏಟಿಗೆ ಕೇಳುವುದಿಲ್ಲ, ಎರಡು ಸಲ ಗುದ್ದಬೇಕು. ಎ.ಸಿ.ಯ ನೀರು ತೊಟ್ಟಿಕ್ಕುವುದಕ್ಕೆ ಒಂದು ಬಕೆಟ್ ಇಟ್ಟಿದ್ದಾರೆ, ಸರ್ವರಿನಿಂದ ಒಂದು ಗೇಣು ದೂರಕ್ಕೆ. ಊರಿಗೆಲ್ಲ ನೀರು ಕೊಡುವವರಿಗೆ ಆ ನೀರನ್ನು ಆಚೆ ಬಿಡುವ ಒಂದು ಪೈಪ್ ಸಿಕ್ಕಲಿಲ್ಲವಂತೆ.

ಯಾರು ಯಾವಾಗ ಏನು ಹೊಡೆದರು ಅನ್ನುವ ದಾಖಲೆಗಳೆಲ್ಲ ಖಾಲಿ. ಇಳಿಸಿಕೊಂಡ ಮೂಲ ಸಂಕೇತದ ಫೋಲ್ಡರ್ ಕೂಡ ಇಲ್ಲ. ಗುಡಿಸಿ ಸಾರಿಸಿ ಹೋಗಿದ್ದಾರೆ. ಎರಡು ದಿನದಿಂದ ನಾನು ಈ ಸಾರಿಸಿದ ನೆಲವನ್ನೇ ಕೆರೆಯುತ್ತಿದ್ದೆ.

"ಏನೂ ಬಿಟ್ಟಿಲ್ವಾ?" ಭಾವ ಕೇಳಿದರು.

"ಬಿಟ್ಟಿರೋದು ಆ ಹೊಸ ಪೈಥಾನ್ ಒಂದೇ. ಅದನ್ನೇ ಕೇಳ್ಬೇಕು, ಯಾರಮ್ಮ ನಿನ್ನ ಹೆತ್ತೋರು ಅಂತ."

ಸಿಟ್ಟಿಗೆ ಆಡಿದ ಮಾತು. ಆಡಿದ ಮೇಲೆ ನನ್ನ ಕೈ ಗಾಳಿಯಲ್ಲೇ ನಿಂತಿತು.

ಅಯ್ಯೋ ನನ್ನ ಬುದ್ಧಿಗಿಷ್ಟು! ಕೇಳಬಹುದಲ್ಲ!

ಹೆಸರು ಹೊಡೆದು ಎಂಟರನ್ನು ಎರಡು ಸಲ ಗುದ್ದಿದೆ. ಹೊಸ ಪೈಥಾನ್ ಎದ್ದು ಕೂತು ತನ್ನ ಪರಿಚಯದ ಸಾಲು ಹೇಳಿತು. ಇಪ್ಪತ್ತು ವರ್ಷದಿಂದ ದಿನಕ್ಕೆ ಹತ್ತು ಸಲ ಕಣ್ಣೆದುರು ಬರುವ ಸಾಲು, ನಾನೂ ಓದುವುದಿಲ್ಲ, ಯಾರೂ ಓದುವುದಿಲ್ಲ. ಮೊದಲು ತನ್ನ ನಂಬರ್. ಆಮೇಲೆ ಆವರಣದೊಳಗೆ, ತನ್ನನ್ನು ಕಂಪೈಲ್ ಮಾಡಿದ ದಿನ ಮತ್ತು ಹೊತ್ತು.

"ಭಾವ, ಬರ್ಕೊಳ್ಳಿ. ಮಂಗಳವಾರ. ಮಧ್ಯಾಹ್ನ ಒಂದು ಗಂಟೆ ನಲವತ್ತೊಂದು ನಿಮಿಷ."

"ಯಾರು ಹೇಳಿದ್ದು?"

"ಇದೇ ಹೇಳ್ತಿದೆ. ಕೂಸು ಹುಟ್ಟಿದ ಹೊತ್ತು ಅದರ ಮೈಮೇಲೇ ಬರೆದಿದೆ. ದಾಖಲೆ ಅಳಿಸಿದ ಬುದ್ಧಿವಂತರಿಗೆ ಇದು ಹೊಳೀಲಿಲ್ಲ."

"ಗೇಟಿನ ರಿಜಿಸ್ಟರ್ ತರ್ಸಿ," ಅಂದರು ಭಾವ ಮ್ಯಾನೇಜರಿಗೆ.

ಕಾವಲುಗಾರ ಎರಡೂ ಕೈಯಲ್ಲಿ ಹೊತ್ತು ತಂದ. ಮಂಗಳವಾರದ ಪುಟದಲ್ಲಿ ಅಳಿಲಿನ ಗುಂಡುಗುಂಡು ಅಕ್ಷರ: ಬಿಡಿ ಸೆನ್ಸರ್ ತರಲು ಉಗ್ರಾಣಕ್ಕೆ, ಘಟಕದ ಗಾಡಿಯಲ್ಲಿ, ಚಾಲಕನ ಜೊತೆ. ಹೊರಟಿದ್ದು ಹನ್ನೆರಡು ಇಪ್ಪತ್ತು, ವಾಪಸ್ ಮೂರೂವರೆ. ಕಾವಲುಗಾರನ ಸಹಿ. ಅವಳ ಪುಸ್ತಕದಲ್ಲಿ ಅಂಟಿಸಿದ್ದ ಉಗ್ರಾಣದ ರಸೀತಿಯ ಮೇಲೆ ಒಂದು ಮೂವತ್ತೈದರ ಮೊಹರು.

"ಊರಿನ ಆ ತುದೀಲಿ ಸೆನ್ಸರ್ ತಗೊಳ್ತಿದ್ದೋಳು ಆರು ನಿಮಿಷದಲ್ಲಿ ಹಾರಿ ಬಂದು ಇಲ್ಲಿ ಕಂಪೈಲ್ ಮಾಡಿದ್ಲಾ?" ಅಂದೆ.

ಮ್ಯಾನೇಜರ್ ಬಾಗಿಲು ಬಿಟ್ಟು ಒಳಗೆ ಬಂದ. ಮೊಬೈಲ್ ಈಗ ಜೇಬಿನಲ್ಲಿತ್ತು. "ಶುರು ಮಾಡಿಟ್ಟು ಹೋಗಿರ್ಬಹುದಲ್ಲ ಮೇಡಂ? ಕಂಪೈಲ್ ಅನ್ನೋದು ಅದರ ಪಾಡಿಗೆ ಅದು ಓಡ್ತಿರುತ್ತೆ."

ಥತ್! ಇವನಿಗೆ ಅಷ್ಟು ಗೊತ್ತಿರುತ್ತದೆ ಅಂದುಕೊಂಡಿರಲಿಲ್ಲ.

ಆಗ ಭಾವ ಬಾಯಿ ಬಿಟ್ಟರು. "ಇಲ್ಲ ಇಲ್ಲ, ಅದು ಹೊಂದಲ್ಲ. ಹನ್ನೆರಡು ಇಪ್ಪತ್ತಕ್ಕೆ ಶುರು ಮಾಡಿ ಹೋಗಿದ್ರೂ ನಲವತ್ತು ನಿಮಿಷಕ್ಕೆ, ಅಂದ್ರೆ ಒಂದು ಗಂಟೆಗೇ ಮುಗೀಬೇಕಿತ್ತು. ಒಂದು ನಲವತ್ತೊಂದಕ್ಕೆ ಹುಟ್ಟೋದು ಹೆಂಗೆ?"

"ನಿಮ್ಮ ಬಾಯಿಗೆ ಸಕ್ಕರೆ ಹಾಕ!" ಅಂತ ಕುರ್ಚಿಯಿಂದ ಎದ್ದೇಬಿಟ್ಟೆ. "ಆದ್ರೆ ಬಾಯಿಮಾತು ಸಾಲಲ್ಲ. ಇದೇ ಯಂತ್ರದಲ್ಲಿ, ಇದೇ ಆವೃತ್ತಿನ ಈಗಲೇ ಕಂಪೈಲ್ ಮಾಡಿ ತೋರಿಸ್ತೀನಿ. ಎಷ್ಟು ಹೊತ್ತು ಹಿಡಿಯುತ್ತೋ ನಿಮ್ಮ ಕಣ್ಣಾರೆ ನೋಡಿ."

"ಹೊರಗಿನಿಂದ ಏನಾದ್ರೂ ಇಳಿಸ್ಬೇಕಾದ್ರೆ ಅರ್ಜಿ ಕೊಡ್ಬೇಕು ಮೇಡಂ," ಅಂದ ಮ್ಯಾನೇಜರ್. "ಎರಡು ಪ್ರತಿ."

ಭಾವ ಅವನನ್ನು ನೋಡಿದ ನೋಟಕ್ಕೆ ಅರ್ಜಿಯೂ ಬೇಡವಾಯಿತು, ಪ್ರತಿಯೂ ಬೇಡವಾಯಿತು.

ಮೂಲ ಸಂಕೇತ ಇಳಿಸಿದೆ, ಗಂಟು ಬಿಚ್ಚಿದೆ. ಮೊದಲು ಯಂತ್ರ ತನ್ನಲ್ಲಿ ಏನಿದೆ ಏನಿಲ್ಲ ಅಂತ ತಾನೇ ಪರೀಕ್ಷೆ ಮಾಡಿಕೊಳ್ಳಬೇಕು. ಅದು ಇದೆಯಾ, ಇದೆ. ಇದು ಇದೆಯಾ, ಇದೆ. ಮತ್ತೊಂದು ಇದೆಯಾ, ಇಲ್ಲ, ಪರವಾಗಿಲ್ಲ. ಹೀಗೆ ನೂರಾರು ಸಾಲು. ಹೆಣ್ಣು ನೋಡಲು ಬಂದವರೂ ಇಷ್ಟು ಪ್ರಶ್ನೆ ಕೇಳುವುದಿಲ್ಲ. ಅದು ಮುಗಿದ ಮೇಲೆ ಎರಡು ಇಪ್ಪತ್ತೈದಕ್ಕೆ, ಹೊತ್ತು ಎಣಿಸುವ ಆಜ್ಞೆಯನ್ನೂ ಸೇರಿಸಿ, ಕಂಪೈಲ್ ಶುರು ಮಾಡಿದೆ.

ಇನ್ನು ಕಾಯುವುದು. ಕಾಯುವುದರಲ್ಲಿ ನಾನು ಬಲು ದಡ್ಡಿ. ಅದಕ್ಕೇ ಕುರ್ಚಿಯನ್ನು ಮ್ಯಾನೇಜರ್ ಕಡೆ ತಿರುಗಿಸಿದೆ.

"ಅಳಿಲಿಗೆ ಹೊರಗಿಂದ ಈ ಸರ್ವರಿಗೆ ಬರೋ ದಾರಿ ಇತ್ತಾ?"

"ಇಲ್ಲ ಮೇಡಂ. ಹೋದ ವರ್ಷವೇ ಎಲ್ಲರದ್ದೂ ಮುಚ್ಚಿಸಿದ್ದೀನಿ. ಸರ್ವರ್ ಮುಟ್ಬೇಕು ಅಂದ್ರೆ ಈ ಕೋಣೆಗೇ ಬರ್ಬೇಕು."

"ಮಂಗಳವಾರ ಮಧ್ಯಾಹ್ನ ಈ ಕೋಣೆಯ ಬೀಗದ ಕೈ ಯಾರ ಹತ್ರ ಇತ್ತು?"

"ಒಂದು ಅವಳ ಹತ್ರ. ಇನ್ನೊಂದು..." ಅವನು ಜೇಬು ಮುಟ್ಟಿಕೊಂಡ. "ನನ್ನ ಹತ್ರ."

"ಅವಳು ಉಗ್ರಾಣದಲ್ಲಿದ್ಲು. ನೀವೆಲ್ಲಿದ್ರಿ?"

"ಮೇಡಂ, ನೀವು ನನ್ನ ಮೇಲೆ..."

"ಎಲ್ಲಿದ್ರಿ ಅಂತ ಕೇಳ್ದೆ ಅಷ್ಟೆ. ಒಂದು ಗಂಟೆಯಿಂದ ಎರಡು ಗಂಟೆವರೆಗೆ."

"ಮೇಲಿನ ಕಚೇರಿಯ ಮೀಟಿಂಗ್‌ನಲ್ಲಿದ್ದೆ! ಹನ್ನೊಂದು ಜನ ಇದ್ರು ಸಾರ್, ಬೇಕಾದ್ರೆ ಕೇಳಿ!" ಅವನ ಹಣೆ ಆ ಚಳಿಯಲ್ಲೂ ಬೆವರಿತು.

"ಕೇಳಿಯಾಗಿದೆ," ಅಂದರು ಭಾವ. "ಇದ್ದ."

"ಹಾಗಾದ್ರೆ ಕೋಣೆಗೆ ಯಾರೂ ಬರ್ಲಿಲ್ಲ, ಹೊರಗಿಂದ ದಾರಿ ಇಲ್ಲ. ಪೈಥಾನ್ ತಾನಾಗೇ ಮೊಳಕೆ ಒಡೀತಾ?" ನಾನು ಎದ್ದು ನಿಂತೆ. "ಎಲ್ಲರದ್ದೂ ಮುಚ್ಚಿಸಿದ್ದೀರಾ? ನನ್ನ ಮುಖ ನೋಡಿ ಹೇಳಿ. ಹೊರಗೆ ಕೂತಿರೋಳ ಬದುಕು ನಿಮ್ಮ ನಾಲಿಗೆ ಮೇಲಿದೆ."

ಮ್ಯಾನೇಜರ್ ಬಕೆಟ್ಟನ್ನು ನೋಡಿದ. ಎರಡು ಹನಿ ಬಿತ್ತು.

"ಒಂದು ಬಿಟ್ಟು," ಅಂದ.

"ಏನಂದ್ರಿ?"

"ಒಂದು ಹಳೇ ಖಾತೆ ಇತ್ತು ಮೇಡಂ. ನಾನು ಈ ಘಟಕಕ್ಕೆ ಬರೋಕೆ ಮುಂಚಿಂದು. ಯಾರದ್ದೋ ಏನೋ ಗೊತ್ತಾಗ್ಲಿಲ್ಲ. ಮುಟ್ಟಿದ್ರೆ ಎಲ್ಲಿ ಏನು ನಿಂತುಹೋಗುತ್ತೋ ಅಂತ ಭಯ. ಅದಕ್ಕೇ ಕೈ ಹಚ್ಲಿಲ್ಲ."

"ಇದನ್ನ ಬುಧವಾರವೇ ಹೇಳೋಕೆ ಏನಾಗಿತ್ತು ನಿಮಗೆ? ಮೂರು ದಿನ ಆ ಹೆಣ್ಣುಮಗಳನ್ನ ಅಳಿಸಿದ್ರಲ್ಲ ರೀ!"

"ಕೆಲಸ ಹೋಗುತ್ತೆ ಅಂತ..." ಅಂದ.

ಬೈಯಬೇಕು ಅನ್ನಿಸಿತು. ಆದರೆ ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡುವ ತಪ್ಪೇ ಇದು. ಬಿಟ್ಟು ಹೋದವರು ಖಾತೆ ಮುಚ್ಚಿಸುವುದಿಲ್ಲ, ಬಂದವರು ಹೆದರಿ ಮುಟ್ಟುವುದಿಲ್ಲ.

ಅಷ್ಟರಲ್ಲಿ ಪರದೆಯ ಓಟ ನಿಂತಿತು. ಕೆಳಗೆ ಲೆಕ್ಕ ಬಂತು: ನಲವತ್ತು ನಿಮಿಷ, ಹನ್ನೊಂದು ಸೆಕೆಂಡು.

ನಾನು ಮೇಜು ಗುದ್ದಿದೆ. "ನೋಡಿ! ನೀವು ಹೇಳಿದ್ದು ನಿಮಿಷಕ್ಕೆ ನಿಮಿಷ ಸರಿ! ಅಳಿಲು ಹೊರಡೋಕೆ ಮುಂಚೆ ಶುರು ಮಾಡಿದ್ರೆ ಒಂದು ನಲವತ್ತೊಂದಕ್ಕೆ ಇದು ಹುಟ್ಟೋ ಮಾತೇ ಇಲ್ಲ. ಅವಳಲ್ಲ ಭಾವ, ಅವಳಲ್ಲ!"

ಭಾವ ಜೇಬಿನಿಂದ ಆ ಕಾಗದ ತೆಗೆದು, ನಾಲ್ಕಾಗಿ ಹರಿದು, ಬಕೆಟ್ಟಿನಲ್ಲಿ ಹಾಕಿದರು. "ಹೋಗಿ, ಆ ಹುಡುಗಿಗೆ ಮನೆಗೆ ಹೋಗು ಅಂತ ಹೇಳಿ. ನೀವೇ ಹೇಳ್ಬೇಕು," ಅಂತ ಮ್ಯಾನೇಜರನ್ನು ಆಚೆಗೆ ಅಟ್ಟಿದರು.

ಬಾಗಿಲಿನ ಗಾಜಿನಿಂದ ಕಂಡಿತು. ಅಳಿಲು ಎದ್ದು ನಿಂತಳು, ಮತ್ತೆ ಕೂತಳು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮಹಿಳಾ ಪೇದೆ ಅವಳ ಬೆನ್ನು ಸವರುತ್ತಿದ್ದಳು. ನನ್ನ ಕಣ್ಣೂ ಮಂಜಾಯಿತು, ಎ.ಸಿ.ಯ ಮೇಲೆ ತಪ್ಪು ಹೊರಿಸಿ ಸೆರಗಿನಲ್ಲಿ ಒರೆಸಿಕೊಂಡೆ.

"ಇನ್ನೊಂದು ಕೇಳ್ತೀನಿ ಇದನ್ನ," ಅಂದೆ. ಗೆದ್ದ ಹುಮ್ಮಸ್ಸು. "ಹುಟ್ಟಿದ ಹೊತ್ತು ಹೇಳ್ತು. ಮೂಲದಿಂದ ಕಂಪೈಲ್ ಮಾಡಿದ ಪೈಥಾನ್ ಯಾವ ಫೋಲ್ಡರಿನಲ್ಲಿ ಹುಟ್ಟಿದೆ ಅನ್ನೋದನ್ನೂ ನೆನಪಿಟ್ಟುಕೊಂಡಿರುತ್ತೆ. ಫೋಲ್ಡರ್ ಅಳಿಸಿದ್ರೂ ಅದರ ಹೆಸರು ಇದರ ಹೊಟ್ಟೇಲಿರುತ್ತೆ. ಆ ಹಳೇ ಖಾತೆ ಯಾರದ್ದು ಅಂತ ಈಗಲೇ ಗೊತ್ತಾಗುತ್ತೆ."

ಒಂದು ಸಾಲು ಹೊಡೆದೆ. ಎಂಟರ್. ಇನ್ನೊಂದು ಸಲ ಎಂಟರ್.

ಉತ್ತರವೂ ಒಂದೇ ಸಾಲು. ಹೋಮ್, ಓರೆಗೆರೆ, ಒಂದು ಹೆಸರು, ಓರೆಗೆರೆ, ಪೈಥಾನ್.

ನಡುವಿನ ಹೆಸರು: ಸಿಡುಕಿ.

ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಮತ್ತೆ ಓದಿದೆ. ಅದೇ. ನಾನು ಕೆಲಸ ಬಿಡುವಾಗ ಮುಚ್ಚಿಸದೆ ಬಿಟ್ಟ ಖಾತೆ. ಮ್ಯಾನೇಜರ್ ಹೆದರಿ ಮುಟ್ಟದೆ ಬಿಟ್ಟ ಖಾತೆ. ಅದಕ್ಕೆ ಗುಪ್ತಪದ ಕೂಡ ಬೇಡ. ಕೀಲಿ ಕಡತ ನನ್ನ ಲ್ಯಾಪ್‌ಟಾಪಿನಲ್ಲೇ ಇದೆ, ಅದನ್ನು ಎಲ್ಲಿಂದ ತೆರೆದು ಸರ್ವರಿನ ಹೆಸರು ಹೊಡೆದರೂ ಸಾಕು, ಬಾಗಿಲು ತೆರೆಯುತ್ತದೆ.

"ಸಿಡುಕಿ ಅಂದ್ರೆ ನಿನ್ನನ್ನೇ ಅಲ್ವಾ ಇಲ್ಲಿಯವರು ಕರೀತಿದ್ದಿದ್ದು?" ಭಾವ ಮೆಲ್ಲಗೆ ಕೇಳಿದರು.

"ಹೌದು."

"ಆಲ್ಟ್ ಬಿಟ್ರೆ ಏನಾಗುತ್ತೆ ಅಂತ ಅಳಿಲಿಗೆ ಕಲಿಸಿದ್ದೂ ನೀನೇ."

"ಭಾವ..."

"ಮಂಗಳವಾರ ಮಧ್ಯಾಹ್ನ ಒಂದು ನಲವತ್ತೊಂದಕ್ಕೆ ಎಲ್ಲಿದ್ದೆ?"

ನನಗೆ ನಗು ಬಂತು. ಅಷ್ಟು ನೆಮ್ಮದಿ ಆ ಪ್ರಶ್ನೆಯಿಂದ. "ನಿಮ್ಮ ಮನೇಲೇ ಭಾವ! ಊಟಕ್ಕೆ ಬಂದಿದ್ದೆನಲ್ಲ. ಅಕ್ಕ ಊಟ ಬಡಿಸಿಟ್ಟು ಶಾಲೆಗೆ ಹೋದ್ಲು. ಲ್ಯಾಪ್‌ಟಾಪ್ ಮೇಜಿನ ಮೇಲೆ ತೆರೆದಿಟ್ಟು ಸೋಫಾ ಮೇಲೆ ನಿದ್ದೆ ಹೋದೆ. ಒಂದು ಗಂಟೆಯಿಂದ ಎರಡೂವರೆ ತನಕ. ನೀವೇ ಶಾಲು ಹೊದಿಸಿದ್ರಿ. ಎದ್ದಾಗ ಗೊರಕೆ ಹೊಡೀತಿದ್ದೆ ಅಂತ ಗೇಲಿ ಮಾಡಿ ಟೀ ಕೊಟ್ರಿ."

ಭಾವ ಪೆನ್ನಿನ ಮುಚ್ಚಳ ಹಾಕಿದರು. ಅಪ್ಪ ಹೋದ ಮೇಲೆ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕಾಲೇಜಿಗೆ ಬಿಟ್ಟು ಬರುತ್ತಿದ್ದ ಮನುಷ್ಯ ನನ್ನನ್ನು ನೆಟ್ಟಗೆ ನೋಡಿ ಹೇಳಿದರು:

"ಮಂಗಳವಾರ ಮಧ್ಯಾಹ್ನ ನಾನು ಮನೆಗೆ ಬಂದೇ ಇರ್ಲಿಲ್ಲಮ್ಮ. ಇಡೀ ದಿನ ಠಾಣೆಯಲ್ಲಿದ್ದೆ."

ಮಹಿಳಾ ಪೇದೆ ಬಾಗಿಲು ತಟ್ಟಿ ತಲೆ ಹಾಕಿದಳು. "ಸಾರ್, ವ್ಯಾನ್ ಬೇಗ ಬಂದುಬಿಡ್ತು. ಆ ಹುಡುಗಿ ಮನೆಗೆ ಹೋದ್ಲು. ವ್ಯಾನನ್ನ ವಾಪಸ್ ಕಳಿಸ್ಲಾ?"

"ಬೇಡ, ನಿಲ್ಲಿಸಿರು," ಅಂದರು ಭಾವ. "ಒಬ್ಬರನ್ನ ಕರ್ಕೊಂಡು ಹೋಗೋದಿದೆ."

ಪೇದೆ ಹೋದಳು. ಪರದೆಯ ಮೇಲೆ ನನ್ನ ಹೆಸರು ಹಾಗೇ ಇತ್ತು. ಅದರ ಮೇಲಿನ ಸಾಲಿನಲ್ಲಿ ಆ ಲೆಕ್ಕ. ನಲವತ್ತು ನಿಮಿಷ, ಹನ್ನೊಂದು ಸೆಕೆಂಡು.

ಊಟದ ಮೇಜಿನಲ್ಲಿ ನಾನು ಹೇಳುವ ಕಥೆಯಲ್ಲಿ ಕಂಪೈಲ್ ಎರಡು ಗಂಟೆ ಹಿಡಿಯುತ್ತದೆ. ಭಾವ ಕೇಳಿರುವುದು ಅದೊಂದೇ ಕಥೆ. ಈ ಯಂತ್ರಕ್ಕೆ ಎಷ್ಟು ಹೊತ್ತು ಬೇಕು ಅಂತ ಅಳಿಲಿನ ಪುಸ್ತಕದಲ್ಲಿಲ್ಲ. ಮ್ಯಾನೇಜರ್ ಹೇಳಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಅದಕ್ಕೇ ಓಡಿಸಿ ನೋಡಿದೆ. ಇದನ್ನು ಒಂದು ಸಲ ಕೂತು ಕಾದವರಿಗೆ ಮಾತ್ರ ಗೊತ್ತಿರಬೇಕಾದ ಮಾತು ಅದು.

"ಭಾವ," ಅಂದೆ. "ನಲವತ್ತು ನಿಮಿಷ ಅಂತ ನಿಮಗೆ ಯಾರು ಹೇಳಿದ್ರು?"

ಭಾವ ಹೋಗಿ, ಬಾಗಿಲನ್ನು ಒಳಗಿನಿಂದ ಚಿಲಕ ಹಾಕಿಕೊಂಡು ಬಂದರು.